ಇಂಗ್ರೆಸ್ ತೆರೆಯದಿದ್ದಾಗ, ಸರ್ಟಿಫಿಕೇಟ್ ಬಾರದಿದ್ದಾಗ: ಕುಬರ್ನೆಟಿಸ್ ಕ್ಲಸ್ಟರ್‌ನಲ್ಲಿ ದೋಷ ಹುಡುಕುವ ಬಗೆ

ತಾಣ ತೆರೆದರೆ ಬ್ರೌಸರ್‌ನ ಕೆಂಪು ಎಚ್ಚರಿಕೆ, ಇಲ್ಲವೇ ಬಿಳಿ ಪುಟದ ನಡುವೆ 503 ಎಂಬ ದೋಷ ಸಂಖ್ಯೆ. ಕುಬರ್ನೆಟಿಸ್ ಕ್ಲಸ್ಟರ್ (ಆ್ಯಪ್‌ಗಳನ್ನು ಒಟ್ಟಾಗಿ ಓಡಿಸುವ ಯಂತ್ರಗಳ ಗುಂಪು) ನೋಡಿಕೊಳ್ಳುವವರ ಕೈ ಆಗ ನೇರವಾಗಿ ಡಿಲೀಟ್ ಆದೇಶದ ಕಡೆಗೆ ಹೋಗುತ್ತದೆ. ಸರ್ಟಿಫಿಕೇಟ್ (ತಾಣದ ಗುರುತಿನ ಪತ್ರ) ಅಳಿಸು, ಅದನ್ನೂ ಅದರ ಕೀಲಿಯನ್ನೂ ಇಟ್ಟಿರುವ ಸೀಕ್ರೆಟ್ ಅಳಿಸು, ಹೊರಗಿನ ಬೇಡಿಕೆ ಯಾವ ಆ್ಯಪ್‌ಗೆ ಹೋಗಬೇಕೆಂದು ಹೇಳುವ ಇಂಗ್ರೆಸ್ ತೆಗೆದು ಮತ್ತೆ ಹಾಕು. ನಾನು ಈ ಮಾರ್ಗದರ್ಶಿ ಬರೆಯುತ್ತಿರುವುದೇ ಆ ಅಭ್ಯಾಸವನ್ನು ಬಿಡಿಸಲು. ಅಳಿಸಿದೊಡನೆ ದೋಷದ ಕಾರಣ ಬರೆದಿಟ್ಟಿದ್ದ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಒಂದೇ ಹೆಸರುಗಳ ಗುಂಪಿಗೆ 7 ದಿನಗಳಲ್ಲಿ 5 ಸರ್ಟಿಫಿಕೇಟ್‌ಗಳನ್ನಷ್ಟೇ ಕೊಡುತ್ತದೆ. ಅಳಿಸಿ ಅಳಿಸಿ ಆ ಮಿತಿ ದಾಟಿದರೆ, ನಿಜವಾದ ದೋಷವನ್ನು ಸರಿಪಡಿಸಿದ ಮೇಲೂ ತಾಣ ತೆರೆಯಲು ಕಾಯಬೇಕಾಗುತ್ತದೆ. ಆದ್ದರಿಂದ ಓದುವುದು ಮೊದಲು, ಮುಟ್ಟುವುದು ಆಮೇಲೆ.

ಇಲ್ಲಿ ನಾನು ಗಮನದಲ್ಲಿಟ್ಟುಕೊಂಡಿರುವುದು ಬಹಳಷ್ಟು ಕ್ಲಸ್ಟರ್‌ಗಳಲ್ಲಿ ಕಾಣುವ ಜೋಡಣೆ: ಇಂಗ್ರೆಸ್‌ನ ನಿಯಮಗಳನ್ನು ಜಾರಿಗೊಳಿಸುವ ಇಂಗ್ರೆಸ್ ಎಂಜಿನ್‌ಎಕ್ಸ್ ಕಂಟ್ರೋಲರ್, ಸರ್ಟಿಫಿಕೇಟ್ ತರಿಸಿ ನವೀಕರಿಸುವ ಸರ್ಟ್ ಮ್ಯಾನೇಜರ್ ಮತ್ತು ಲೆಟ್ಸ್ ಎನ್‌ಕ್ರಿಪ್ಟ್. ಟ್ರೆಫಿಕ್ ಅಥವಾ ಎಚ್‌ಎ ಪ್ರಾಕ್ಸಿ ಕಂಟ್ರೋಲರ್ ಬಳಸುವವರಿಗೂ ಹುಡುಕುವ ದಾರಿ ಇದೇ, ಲಾಗ್‌ನ ಸಾಲುಗಳು ಮಾತ್ರ ಬೇರೆಯಾಗಿರುತ್ತವೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಹಂತ 1: ಬೇಡಿಕೆ ಎಲ್ಲಿಯವರೆಗೆ ಬಂದಿದೆ?

ಬಳಕೆದಾರನ ಬ್ರೌಸರ್‌ನಿಂದ ಹೊರಟ ಬೇಡಿಕೆ ಮೊದಲು ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಕೇಳುತ್ತದೆ, ಆಮೇಲೆ ಬೇಡಿಕೆಗಳನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಅಲ್ಲಿಂದ ಇಂಗ್ರೆಸ್ ಕಂಟ್ರೋಲರ್‌ನ ಪಾಡ್ (ಕ್ಲಸ್ಟರ್‌ನಲ್ಲಿ ಆ್ಯಪ್ ಓಡುವ ಘಟಕ). ಸರ್ಟಿಫಿಕೇಟ್ ತೋರಿಸಿ ಗುಪ್ತ ಸಂಪರ್ಕ ಕಟ್ಟುವ ಟಿಎಲ್‌ಎಸ್ ಮಾತುಕತೆ ನಡೆಯುವುದು ಈ ಪಾಡ್‌ನಲ್ಲಿ. ಅದು ಮುಗಿದ ಮೇಲಷ್ಟೇ ಕಂಟ್ರೋಲರ್ ಇಂಗ್ರೆಸ್‌ನ ನಿಯಮಗಳನ್ನು ನೋಡಿ, ಸರ್ವೀಸ್‌ನ (ಒಂದು ಆ್ಯಪ್‌ನ ಪಾಡ್‌ಗಳಿಗೆಲ್ಲ ಇಟ್ಟ ಒಂದೇ ಹೆಸರು) ಹಿಂದಿರುವ ಎಂಡ್‌ಪಾಯಿಂಟ್‌ಗಳಲ್ಲಿ, ಅಂದರೆ ಪಾಡ್ ವಿಳಾಸಗಳಲ್ಲಿ, ಒಂದನ್ನು ಆರಿಸಿ, ನಿಮ್ಮ ಆ್ಯಪ್‌ನ ಪಾಡ್‌ಗೆ ಬೇಡಿಕೆಯನ್ನು ಕಳಿಸುತ್ತದೆ.

ಈ ಕ್ರಮ ಮನಸ್ಸಿನಲ್ಲಿದ್ದರೆ ಅರ್ಧ ದೋಷ ಸಿಕ್ಕಿದಂತೆಯೇ. 502, 503, 404ರಂತಹ ಸಂಖ್ಯೆ ಕಾಣುತ್ತಿದೆ ಎಂದರೆ ಟಿಎಲ್‌ಎಸ್ ಮಾತುಕತೆ ಆಗಲೇ ಮುಗಿದಿದೆ, ಸರ್ಟಿಫಿಕೇಟ್ ಕಡೆ ತಲೆ ಹಾಕುವ ಅಗತ್ಯವಿಲ್ಲ. ಸರ್ಟಿಫಿಕೇಟ್ ಎಚ್ಚರಿಕೆ ಬಂದಿದೆ ಎಂದರೆ ಬೇಡಿಕೆ ಇನ್ನೂ ನಿಮ್ಮ ಆ್ಯಪ್ ತಲುಪಿಯೇ ಇಲ್ಲ, ಆ್ಯಪ್‌ನ ಲಾಗ್ ಓದುತ್ತ ಕೂರುವುದು ವ್ಯರ್ಥ. ಎರಡೂ ಇಲ್ಲದೆ ಬರೀ ಕಾದು ಕಾದು ಟೈಮ್‌ಔಟ್ ಆಗುತ್ತಿದ್ದರೆ ಡಿಎನ್‌ಎಸ್, ಲೋಡ್ ಬ್ಯಾಲೆನ್ಸರ್ ಅಥವಾ ಫೈರ್‌ವಾಲ್ ಕಡೆಗೆ ಹೋಗಿ.

ಬ್ರೌಸರ್ ಬಿಟ್ಟು, ಟರ್ಮಿನಲ್‌ನಿಂದಲೇ ತಾಣವನ್ನು ಕೇಳುವ ಕರ್ಲ್ ಬಳಸಿ. ಬ್ರೌಸರ್ ಹಳೆಯ ರಿಡೈರೆಕ್ಟ್‌ಗಳನ್ನೂ ಎಚ್‌ಟಿಟಿಪಿಎಸ್ ಮಾತ್ರ ಬಳಸು ಎನ್ನುವ ಎಚ್‌ಎಸ್‌ಟಿಎಸ್ ನಿಯಮಗಳನ್ನೂ ನೆನಪಿಟ್ಟುಕೊಂಡು ದಾರಿ ತಪ್ಪಿಸುತ್ತದೆ. ಕರ್ಲ್‌ಗೆ 'ವಿ' ಆಯ್ಕೆ ಕೊಟ್ಟರೆ ಪ್ರತಿ ಹೆಜ್ಜೆಯನ್ನೂ ಬರೆದು ತೋರಿಸುತ್ತದೆ. 'ರಿಸಾಲ್ವ್' ಆಯ್ಕೆ ಇನ್ನೂ ಉಪಯುಕ್ತ: ಹೆಸರು, ಪೋರ್ಟ್, ಐಪಿ ಮೂರನ್ನೂ ನೀವೇ ಕೊಟ್ಟರೆ ಅದು ಡಿಎನ್‌ಎಸ್ ಕೇಳದೆ ನೇರವಾಗಿ ಆ ಐಪಿಗೆ ಹೋಗುತ್ತದೆ. ಹೀಗೆ ಕೇಳಿದಾಗ ತಾಣ ತೆರೆದು, ಮಾಮೂಲಾಗಿ ಕೇಳಿದಾಗ ತೆರೆಯದಿದ್ದರೆ ತಪ್ಪು ಡಿಎನ್‌ಎಸ್‌ನದು ಅಥವಾ ಎದುರಿಗಿಟ್ಟಿರುವ ಸಿಡಿಎನ್‌ನದು (ತಾಣದ ಪುಟಗಳನ್ನು ತನ್ನ ಸರ್ವರ್‌ಗಳಿಂದ ಹಂಚುವ ಮಧ್ಯವರ್ತಿ ಸೇವೆ). ಕ್ಲಸ್ಟರ್ ಮುಟ್ಟುವ ಮಾತೇ ಇಲ್ಲ.

ಹಂತ 2: ಡಿಎನ್‌ಎಸ್ ಮತ್ತು ಲೋಡ್ ಬ್ಯಾಲೆನ್ಸರ್

ಕಂಟ್ರೋಲರ್‌ನ ಸರ್ವೀಸ್ ನೋಡಿ. ಹೊರ ಐಪಿಯ ಜಾಗದಲ್ಲಿ 'ಪೆಂಡಿಂಗ್' ಎಂದಿದ್ದರೆ ಲೋಡ್ ಬ್ಯಾಲೆನ್ಸರ್ ಕೊಡುವವರೇ ಇಲ್ಲ ಎಂದರ್ಥ. ಸ್ವಂತ ಯಂತ್ರಗಳ ಮೇಲೆ ಕ್ಲಸ್ಟರ್ ಕಟ್ಟಿದವರಿಗೆ ಇದು ಸಾಮಾನ್ಯ. ಮೆಟಲ್‌ಎಲ್‌ಬಿಯಂತಹದ್ದನ್ನು ಸ್ಥಾಪಿಸಿ ಅದಕ್ಕೆ ಐಪಿಗಳ ವ್ಯಾಪ್ತಿ ಕೊಡಬೇಕು.

ಐಪಿ ಇದೆ, ಆದರೆ ಕೆಲವೊಮ್ಮೆ ತೆರೆಯುತ್ತದೆ, ಕೆಲವೊಮ್ಮೆ ಇಲ್ಲ ಎಂದಾದರೆ ಸರ್ವೀಸ್‌ನ 'ಎಕ್ಸ್‌ಟರ್ನಲ್ ಟ್ರಾಫಿಕ್ ಪಾಲಿಸಿ' ಏನಿದೆ ನೋಡಿ. ಬಳಕೆದಾರರ ನಿಜವಾದ ಐಪಿ ಉಳಿಸಿಕೊಳ್ಳಲೆಂದು ಅದನ್ನು 'ಲೋಕಲ್' ಮಾಡುತ್ತಾರೆ. ಆಗ ಕಂಟ್ರೋಲರ್ ಪಾಡ್ ಇಲ್ಲದ ನೋಡ್‌ಗೆ (ಕ್ಲಸ್ಟರ್‌ನ ಒಂದು ಯಂತ್ರ) ಬಂದ ಬೇಡಿಕೆ ಅಲ್ಲೇ ಬಿದ್ದುಹೋಗುತ್ತದೆ. ಲೋಡ್ ಬ್ಯಾಲೆನ್ಸರ್‌ನ ಆರೋಗ್ಯ ತಪಾಸಣೆ ಸರಿಯಿದ್ದರೆ ಅಂತಹ ನೋಡ್‌ಗಳಿಗೆ ಬೇಡಿಕೆ ಹೋಗುವುದಿಲ್ಲ, ಆ ತಪಾಸಣೆ ತಪ್ಪು ಪೋರ್ಟ್‌ಗೆ ಕಟ್ಟಿದ್ದರೆ ಹೋಗುತ್ತದೆ.

ಡಿಎನ್‌ಎಸ್ ಕೇಳುವ ಡಿಗ್ ಆದೇಶದಿಂದ 'ಎ' (ಐಪಿವಿ4) ದಾಖಲೆಯ ಜೊತೆಗೆ ನಾಲ್ಕು 'ಎ'ಗಳ ಐಪಿವಿ6 ದಾಖಲೆಯನ್ನೂ ಕೇಳಿ. ಹಳೆಯ ಸರ್ವರ್‌ನ ಐಪಿವಿ6 ದಾಖಲೆ ಮರೆತು ಉಳಿದಿರುವುದು ನಾನು ಮತ್ತೆ ಮತ್ತೆ ಕಾಣುವ ದೋಷ. ನಿಮ್ಮ ಕಚೇರಿಯ ಸಂಪರ್ಕದಲ್ಲಿ ಐಪಿವಿ6 ಇಲ್ಲದಿದ್ದರೆ ನಿಮಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಐಪಿವಿ6 ಇರುವ ಮೊಬೈಲ್‌ನಿಂದ ನೋಡುವವರಿಗೆ ಬೇರೆಯದೇ ಸರ್ವರ್ ಸಿಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಐಪಿವಿ6 ದಾಖಲೆ ಇದ್ದರೆ ಅದನ್ನೇ ಮೊದಲು ಹಿಡಿಯುತ್ತದೆ. ಸರ್ಟಿಫಿಕೇಟ್ ಬಾರದಿರುವುದಕ್ಕೂ ಇದೇ ಮೂಲವಾಗಿರಬಹುದು.

ಹಂತ 3: ಇಂಗ್ರೆಸ್‌ಗೆ ವಾರಸುದಾರರಿದ್ದಾರೆಯೇ?

ಕ್ಲಸ್ಟರ್‌ಗೆ ಆದೇಶ ಕೊಡುವ ಪರಿಕರದಿಂದ 'ಕ್ಯೂಬ್‌ಸಿಟಿಎಲ್ ಗೆಟ್ ಇಂಗ್ರೆಸ್' ಕೊಟ್ಟಾಗ ವಿಳಾಸದ ಕಾಲಂ ಬಹಳ ಹೊತ್ತು ಖಾಲಿಯಾಗಿಯೇ ಇದ್ದರೆ, ಯಾವ ಕಂಟ್ರೋಲರ್ ಕೂಡ ಅದನ್ನು ತನ್ನದೆಂದು ಎತ್ತಿಕೊಂಡಿಲ್ಲ. ಪಕ್ಕದ ಕ್ಲಾಸ್ ಕಾಲಂ ನೋಡಿ, ಈ ಇಂಗ್ರೆಸ್ ಯಾವ ಕಂಟ್ರೋಲರ್‌ಗೆ ಸೇರಿದ್ದು ಎಂದು ಹೇಳುವುದು ಅದೇ. ಹಿಂದೆ ಕ್ಲಾಸ್ ಹೆಸರನ್ನು ಅನೋಟೇಷನ್‌ನಲ್ಲಿ (ವಸ್ತುವಿಗೆ ಅಂಟಿಸುವ ಟಿಪ್ಪಣಿ) ಬರೆಯುತ್ತಿದ್ದರು. ಕುಬರ್ನೆಟಿಸ್ 1.18ರಿಂದ ಅದಕ್ಕೆಂದೇ 'ಇಂಗ್ರೆಸ್ ಕ್ಲಾಸ್ ನೇಮ್' ಎಂಬ ಜಾಗ ಬಂದಿದೆ. 1.22ರಲ್ಲಿ ಇಂಗ್ರೆಸ್‌ನ ಹಳೆಯ ಬೀಟಾ ಆವೃತ್ತಿಗಳು ಪೂರ್ತಿ ಹೋದವು. ಹಳೆಯ ಯಾಮಲ್ (ಸಂರಚನೆ ಬರೆದಿಡುವ) ಕಡತವನ್ನು ಎಲ್ಲಿಂದಲೋ ನಕಲು ಮಾಡಿದರೆ ಸಿಕ್ಕಿಬೀಳುವುದು ಇಲ್ಲಿಯೇ.

ಎಂಜಿನ್‌ಎಕ್ಸ್ ಹೆಸರಿನ ಕಂಟ್ರೋಲರ್‌ಗಳು ಎರಡಿವೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಒಂದು ಕುಬರ್ನೆಟಿಸ್ ಸಮುದಾಯದ್ದು, ಇನ್ನೊಂದು ಎಫ್5 ಕಂಪನಿಯದು. ಅನೋಟೇಷನ್‌ಗಳ ಪೂರ್ವಪದವೇ ಬೇರೆ. ಒಂದರ ಅನೋಟೇಷನ್ ಇನ್ನೊಂದಕ್ಕೆ ಹಾಕಿದರೆ ಯಾವ ದೋಷವೂ ವರದಿಯಾಗುವುದಿಲ್ಲ, ಸುಮ್ಮನೆ ಕೆಲಸ ಮಾಡುವುದಿಲ್ಲ ಅಷ್ಟೇ. ಗಂಟೆಗಟ್ಟಲೆ ಸಮಯ ತಿನ್ನುವುದು ಇಂತಹ ಮೌನದ ದೋಷಗಳೇ. ಸಮುದಾಯದ ಕಂಟ್ರೋಲರ್ ಬಳಸುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಅದರ ನಿರ್ವಹಣೆ 2026ರ ಮಾರ್ಚ್‌ವರೆಗೆ ಮಾತ್ರ, ಆಮೇಲೆ ಭದ್ರತಾ ತಿದ್ದುಪಡಿಗಳೂ ಇರುವುದಿಲ್ಲ ಎಂದು 2025ರ ನವೆಂಬರ್‌ನಲ್ಲೇ ಪ್ರಕಟಣೆ ಬಂದಿದೆ. ಇಂದಿನ ದೋಷವನ್ನು ಸರಿಪಡಿಸಿ, ಆದರೆ ಇಂಗ್ರೆಸ್‌ನ ಉತ್ತರಾಧಿಕಾರಿಯಾದ ಗೇಟ್‌ವೇ ಎಪಿಐಗೋ ಬೇರೆ ಕಂಟ್ರೋಲರ್‌ಗೋ ಸಾಗುವ ಯೋಜನೆಯನ್ನು ಮುಂದೂಡಬೇಡಿ.

ಇಂಗ್ರೆಸ್ ಹಾಕುವಾಗಲೇ 'ವೆಬ್‌ಹುಕ್ ಕರೆಯಲು ಆಗಲಿಲ್ಲ' ಎಂಬ ದೋಷ ಬಂದರೆ ಕಂಟ್ರೋಲ್ ಪ್ಲೇನ್‌ನಿಂದ (ಕ್ಲಸ್ಟರ್ ನಡೆಸುವ ಕೇಂದ್ರ ಭಾಗ) ಕಂಟ್ರೋಲರ್ ಪಾಡ್‌ನ 8443 ಪೋರ್ಟ್‌ಗೆ ದಾರಿ ಇದೆಯೇ ನೋಡಿ. ಖಾಸಗಿ ಕ್ಲಸ್ಟರ್‌ಗಳಲ್ಲಿ ಫೈರ್‌ವಾಲ್ ಅದನ್ನು ತಡೆದಿರುತ್ತದೆ. ವೆಬ್‌ಹುಕ್ ತೆಗೆದುಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ತೆಗೆದರೆ ತಪ್ಪು ಸಂರಚನೆಯನ್ನು ಬಾಗಿಲಲ್ಲೇ ತಡೆಯುವ ಪರೀಕ್ಷೆಯನ್ನೂ ಕಳೆದುಕೊಳ್ಳುತ್ತೀರಿ. ಪೋರ್ಟ್ ತೆರೆಯುವುದೇ ಸರಿಯಾದ ದಾರಿ.

ಹಂತ 4: ಸಂಖ್ಯೆಗಳನ್ನು ಓದುವುದು

404 ಬಂದರೆ ಅದು ಯಾರ 404 ಎಂದು ಮೊದಲು ಗುರುತಿಸಿ. ಕಂಟ್ರೋಲರ್‌ನ ಲಾಗ್‌ನಲ್ಲಿ ಪ್ರತಿ ಬೇಡಿಕೆಯ ಸಾಲಿನಲ್ಲೂ ಚೌಕ ಆವರಣದೊಳಗೆ ಒಂದು ಹೆಸರಿರುತ್ತದೆ: ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ವಿಭಾಗ), ಸರ್ವೀಸ್, ಪೋರ್ಟ್ ಮೂರನ್ನೂ ಅಡ್ಡಗೆರೆಯಿಂದ ಸೇರಿಸಿದ ಹೆಸರು. ಅಲ್ಲಿ ನಿಮ್ಮ ಸರ್ವೀಸ್ ಕಂಡರೆ 404 ಕೊಟ್ಟದ್ದು ನಿಮ್ಮ ಆ್ಯಪ್. ಡೀಫಾಲ್ಟ್ ಬ್ಯಾಕೆಂಡ್‌ನ ಹೆಸರು ಕಂಡರೆ ಹೋಸ್ಟ್ (ತಾಣದ ಹೆಸರು) ಅಥವಾ ಪಾತ್ (ಅದರ ಮುಂದಿನ ದಾರಿ) ಯಾವ ನಿಯಮಕ್ಕೂ ಹೊಂದಿಲ್ಲ. ಪಾತ್ ಬಗೆಯನ್ನು 'ಎಕ್ಸಾಕ್ಟ್' ಎಂದು ಇಟ್ಟು ಒಳಪುಟಗಳೂ ತೆರೆಯಬೇಕೆಂದು ನಿರೀಕ್ಷಿಸುವುದು, ಪಾತ್ ಬದಲಿಸುವ ರೀರೈಟ್ ಅನೋಟೇಷನ್‌ನಿಂದ ಎಲ್ಲ ಪಾತ್‌ಗಳೂ ಮೂಲ ಪುಟಕ್ಕೇ ಹೋಗುವುದು ಇಲ್ಲಿನ ಮಾಮೂಲಿ ಕಾರಣಗಳು.

503 ಎಂದರೆ ಬಹುತೇಕ ಒಂದೇ ಅರ್ಥ: ಸರ್ವೀಸ್‌ನ ಹಿಂದೆ ಸಿದ್ಧವಿರುವ ಪಾಡ್ ಒಂದೂ ಇಲ್ಲ. ಪಾಡ್‌ಗಳ ವಿಳಾಸ ಪಟ್ಟಿಯಾದ ಎಂಡ್‌ಪಾಯಿಂಟ್ ಸ್ಲೈಸ್‌ಗಳನ್ನು ನೋಡಿ. ಖಾಲಿ ಇದ್ದರೆ ಪಾಡ್‌ಗಳನ್ನು ಆರಿಸುವ ಸರ್ವೀಸ್‌ನ ಸೆಲೆಕ್ಟರ್ ಮತ್ತು ಪಾಡ್‌ನ ಲೇಬಲ್‌ಗಳನ್ನು ಅಕ್ಷರ ಅಕ್ಷರ ಹೋಲಿಸಿ. ವಿಳಾಸಗಳಿದ್ದೂ ಅವುಗಳ 'ರೆಡಿ' ಸ್ಥಿತಿ 'ಫಾಲ್ಸ್' ಎಂದಿದ್ದರೆ, ಪಾಡ್ ಸಿದ್ಧವೇ ಎಂದು ನೋಡುವ ರೆಡಿನೆಸ್ ಪ್ರೋಬ್ ಸೋಲುತ್ತಿದೆ. ಪಾಡ್ 'ರನ್ನಿಂಗ್' ಎಂದು ತೋರಿದರೂ ಪಕ್ಕದ ಕಾಲಂನಲ್ಲಿ 0/1 ಇರುತ್ತದೆ, ಕಣ್ಣು ಅದರ ಮೇಲೆ ಹಾಯುವುದೇ ಇಲ್ಲ.

502 ಬಂದರೆ ಪಾಡ್‌ನ ವಿಳಾಸ ಸಿಕ್ಕಿದೆ, ಮಾತು ಮುರಿದಿದೆ. ಕಂಟ್ರೋಲರ್‌ನ ಲಾಗ್‌ನಲ್ಲಿ 'ಕನೆಕ್ಷನ್ ರೆಫ್ಯೂಸ್ಡ್' ಎಂದಿದ್ದರೆ ಸರ್ವೀಸ್‌ನ ಟಾರ್ಗೆಟ್ ಪೋರ್ಟ್ ತಪ್ಪಿದೆ, ಇಲ್ಲವೇ ಆ್ಯಪ್ 127.0.0.1ರಲ್ಲಿ (ಪಾಡ್‌ನ ಒಳಗಿನಿಂದಷ್ಟೇ ಸಿಗುವ ಲೋಕಲ್‌ಹೋಸ್ಟ್) ಮಾತ್ರ ಕೇಳುತ್ತಿದೆ. ಎರಡನೆಯದು ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ಓಡುತ್ತದೆ. ಪೋರ್ಟ್ ಫಾರ್ವರ್ಡ್ ಮಾಡಿ ನೋಡಿದಾಗಲೂ ಓಡುತ್ತದೆ, ಏಕೆಂದರೆ ಪೋರ್ಟ್ ಫಾರ್ವರ್ಡ್ ಪಾಡ್‌ನ ಒಳಗಿನ ಲೋಕಲ್‌ಹೋಸ್ಟ್‌ಗೇ ಹೋಗಿ ಮುಟ್ಟುತ್ತದೆ. ಆದ್ದರಿಂದ ಪೋರ್ಟ್ ಫಾರ್ವರ್ಡ್ ಕೆಲಸ ಮಾಡಿತು ಎಂಬ ಸಾಕ್ಷ್ಯವನ್ನು 502ರ ವಿಚಾರದಲ್ಲಿ ನಂಬಬೇಡಿ. ಇನ್ನೊಂದು ಪಾಡ್‌ನಿಂದ ಈ ಪಾಡ್‌ನ ಐಪಿಗೆ ಕರ್ಲ್ ಮಾಡಿ ನೋಡಿ. ಲಾಗಿನ್ ಆದ ಬಳಕೆದಾರರಿಗೆ ಮಾತ್ರ 502 ಬರುತ್ತಿದ್ದರೆ ಕುಕೀ ಅಥವಾ ಟೋಕನ್ ದೊಡ್ಡದಾಗಿ ಹೆಡರ್‌ನ ಬಫರ್‌ನಲ್ಲಿ ಹಿಡಿಸುತ್ತಿಲ್ಲ. 'ಪ್ರಾಕ್ಸಿ ಬಫರ್ ಸೈಜ್' ಹೆಚ್ಚಿಸಿದರೆ ಸರಿಹೋಗುತ್ತದೆ.

ಎಚ್‌ಟಿಟಿಪಿ ಬೇಡಿಕೆಯನ್ನು ಎಚ್‌ಟಿಟಿಪಿಎಸ್ ಪೋರ್ಟ್‌ಗೆ ಕಳಿಸಿದ್ದೀರಿ ಎಂಬ 400 ಬಂದರೆ ಆ್ಯಪ್ ತಾನೇ ಟಿಎಲ್‌ಎಸ್ ಮಾತಾಡುತ್ತಿದೆ. 'ಬ್ಯಾಕೆಂಡ್ ಪ್ರೋಟೋಕಾಲ್' ಅನೋಟೇಷನ್‌ನಲ್ಲಿ ಅದನ್ನು ಹೇಳಬೇಕು. ಕಡತ ಅಪ್‌ಲೋಡ್ ಮಾಡುವಾಗ 413 (ಕಡತ ತೀರ ದೊಡ್ಡದು) ಬಂದರೆ 'ಪ್ರಾಕ್ಸಿ ಬಾಡಿ ಸೈಜ್' ನೋಡಿ, ಮೊದಲಿನಿಂದ ಅದು 1 ಎಂಬಿ ಮಾತ್ರ.

504 ಎಂಬ ಟೈಮ್‌ಔಟ್ ದೋಷಕ್ಕೆ ಎರಡು ಮುಖಗಳಿವೆ. ಸಂಪರ್ಕ ಸಾಧಿಸಲು ಕಂಟ್ರೋಲರ್ 5 ಸೆಕೆಂಡು ಕಾಯುತ್ತದೆ, ಉತ್ತರಕ್ಕೆ 60 ಸೆಕೆಂಡು. ಪ್ರತಿ ಪ್ರಯತ್ನಕ್ಕೆ ಹಿಡಿದ ಸಮಯ ಲಾಗ್‌ನ ಸಾಲಿನ ಕೊನೆಯ ಭಾಗದಲ್ಲಿ ಅಲ್ಪವಿರಾಮಗಳ ನಡುವೆ ಇರುತ್ತದೆ. ಅಲ್ಲಿ 5ರ ಆಸುಪಾಸಿನ ಅಂಕೆಗಳು ಕಂಡರೆ ಪಾಡ್‌ವರೆಗೆ ಮಾತೇ ತಲುಪುತ್ತಿಲ್ಲ, ಪಾಡ್‌ಗಳ ನಡುವಿನ ಸಂಚಾರ ತಡೆಯುವ ನೆಟ್‌ವರ್ಕ್ ಪಾಲಿಸಿಯನ್ನು ಅನುಮಾನಿಸಿ. 60 ಕಂಡರೆ ಆ್ಯಪ್ ನಿಧಾನವಾಗಿದೆ. ಟೈಮ್‌ಔಟ್ ಹೆಚ್ಚಿಸಬಹುದು, ಆದರೆ ಹಿಂದಿರುವ ಡೇಟಾಬೇಸ್‌ನ ಕ್ವೆರಿಯನ್ನು ನೋಡುವುದು ಒಳ್ಳೆಯದು.

ರಿಡೈರೆಕ್ಟ್‌ಗಳ ಸುಳಿಯೂ ಹೀಗೆಯೇ ಕಾಡುತ್ತದೆ. ಟಿಎಲ್‌ಎಸ್ ಎದುರಿನ ಲೋಡ್ ಬ್ಯಾಲೆನ್ಸರ್‌ನಲ್ಲೋ ಸಿಡಿಎನ್‌ನಲ್ಲೋ ಮುಗಿದು, ಅಲ್ಲಿಂದ ಕ್ಲಸ್ಟರ್‌ಗೆ ಬರೀ ಎಚ್‌ಟಿಟಿಪಿ ಬರುತ್ತಿದ್ದರೆ, ಕಂಟ್ರೋಲರ್ ಪ್ರತಿ ಸಲವೂ 308 ಕೊಟ್ಟು ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದೆ. ಅದು ಮತ್ತೆ ಎಚ್‌ಟಿಟಿಪಿಯಾಗಿಯೇ ಬರುತ್ತದೆ. ಸಿಡಿಎನ್ ಸೇವೆಯಾದ ಕ್ಲೌಡ್‌ಫ್ಲೇರ್‌ನ 'ಫ್ಲೆಕ್ಸಿಬಲ್' ಆಯ್ಕೆಯಲ್ಲಿ ಆಗುವುದು ಇದೇ. ಸಾಧ್ಯವಾದರೆ ಕ್ಲಸ್ಟರ್‌ವರೆಗೂ ಟಿಎಲ್‌ಎಸ್ ತನ್ನಿ. ಎದುರಿನ ಬ್ಯಾಲೆನ್ಸರ್ ನಂಬಿಕೆಯದ್ದಾದರೆ ಮೂಲ ಬೇಡಿಕೆ ಎಚ್‌ಟಿಟಿಪಿಎಸ್ ಆಗಿತ್ತೆಂದು ತಿಳಿಸಲು ಅದು ಕಳಿಸುವ ಫಾರ್ವರ್ಡೆಡ್ ಹೆಡರ್‌ಗಳನ್ನು ಒಪ್ಪುವಂತೆ ಕಂಟ್ರೋಲರ್‌ಗೆ ಹೇಳಿ.

ಹಂತ 5: ಬಾಗಿಲಲ್ಲಿ ಯಾವ ಸರ್ಟಿಫಿಕೇಟ್ ತೋರುತ್ತಿದೆ?

ಒಂದೇ ಐಪಿಯ ಹಿಂದೆ ಹತ್ತಾರು ತಾಣಗಳಿರುವುದು ವಠಾರವಿದ್ದಂತೆ. ಬಂದವರು ಯಾರ ಮನೆಗೆ ಎಂದು ಬಾಗಿಲಲ್ಲೇ ಹೇಳಿದರಷ್ಟೇ ಸರಿಯಾದವರು ಹೊರಬರುತ್ತಾರೆ. ಟಿಎಲ್‌ಎಸ್‌ನಲ್ಲಿ ಹಾಗೆ ಹೆಸರು ಹೇಳುವುದಕ್ಕೆ ಎಸ್‌ಎನ್‌ಐ ಎನ್ನುತ್ತಾರೆ. ಟಿಎಲ್‌ಎಸ್ ಪರಿಕರವಾದ ಓಪನ್‌ಎಸ್‌ಎಸ್‌ಎಲ್‌ನ 'ಎಸ್ ಕ್ಲೈಂಟ್' ಆದೇಶ ಕೊಡುವಾಗ 'ಸರ್ವರ್‌ನೇಮ್' ಆಯ್ಕೆಯಲ್ಲಿ ತಾಣದ ಹೆಸರನ್ನು ನೀವೇ ಬರೆಯಿರಿ. ಐಪಿಗೆ ನೇರವಾಗಿ ಸಂಪರ್ಕಿಸುವಾಗ ಇದನ್ನು ಬಿಟ್ಟರೆ ಕಂಟ್ರೋಲರ್ ತನ್ನ ಡೀಫಾಲ್ಟ್ ಸರ್ಟಿಫಿಕೇಟ್ ತೋರಿಸುತ್ತದೆ, ನೀವು ಇಲ್ಲದ ದೋಷದ ಬೆನ್ನು ಹತ್ತುತ್ತೀರಿ. ಸಿಕ್ಕ ಸರ್ಟಿಫಿಕೇಟನ್ನು ಎಕ್ಸ್509 ಆದೇಶಕ್ಕೆ ಕೊಟ್ಟು ಹೆಸರುಗಳು, ಕೊಟ್ಟವರು, ದಿನಾಂಕಗಳು ಈ ಮೂರನ್ನು ನೋಡಿ.

ಹೆಸರಿನ ಜಾಗದಲ್ಲಿ 'ಕುಬರ್ನೆಟಿಸ್ ಇಂಗ್ರೆಸ್ ಕಂಟ್ರೋಲರ್ ಫೇಕ್ ಸರ್ಟಿಫಿಕೇಟ್' ಎಂದು ಕಂಡರೆ ಗಾಬರಿ ಬೇಡ, ಯಾರೂ ನುಗ್ಗಿಲ್ಲ. ನಿಮ್ಮ ಹೆಸರಿಗೆ ಹೊಂದುವ ಸರ್ಟಿಫಿಕೇಟ್ ಸಿಗದಾಗ ಕಂಟ್ರೋಲರ್ ಕೊಡುವುದು ಇದನ್ನು. ಏಕೆ ಸಿಗಲಿಲ್ಲ ಎಂಬುದನ್ನು ಈ ಕ್ರಮದಲ್ಲಿ ಹುಡುಕಿ.

ಇಂಗ್ರೆಸ್‌ನ ಟಿಎಲ್‌ಎಸ್ ಭಾಗದಲ್ಲಿ ಹೇಳಿರುವ ಸೀಕ್ರೆಟ್ ಅದೇ ನೇಮ್‌ಸ್ಪೇಸ್‌ನಲ್ಲಿ ಇದೆಯೇ? ಬೇರೆ ನೇಮ್‌ಸ್ಪೇಸ್‌ನ ಸೀಕ್ರೆಟ್ಟನ್ನು ಇಂಗ್ರೆಸ್ ಓದಲಾರದು. ಒಂದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟನ್ನು (ಡೊಮೇನ್‌ನ ಹಲವು ಉಪಹೆಸರುಗಳಿಗೆ ಆಗುವಂಥದ್ದು) ಎಲ್ಲ ತಂಡಗಳಿಗೂ ಹಂಚುವವರು ಮುಗ್ಗರಿಸುವುದು ಇಲ್ಲಿ. ಅಂತಹ ಕಡೆ ಅದನ್ನೇ ಕಂಟ್ರೋಲರ್‌ನ ಡೀಫಾಲ್ಟ್ ಸರ್ಟಿಫಿಕೇಟ್ ಆಗಿಸುವುದು ಸರಳ.

ಸೀಕ್ರೆಟ್ ಇದ್ದರೆ, ಅದರೊಳಗೆ ಟಿಎಲ್‌ಎಸ್ ಡಾಟ್ ಸಿಆರ್‌ಟಿ (ಸರ್ಟಿಫಿಕೇಟ್) ಮತ್ತು ಟಿಎಲ್‌ಎಸ್ ಡಾಟ್ ಕೀ (ಖಾಸಗಿ ಕೀಲಿ) ಎರಡೂ ತುಂಬಿವೆಯೇ? ಎರಡೂ ಒಂದಕ್ಕೊಂದು ಸೇರಿದವೇ? ಸರ್ಟಿಫಿಕೇಟ್‌ನಿಂದ ಒಮ್ಮೆ, ಖಾಸಗಿ ಕೀಲಿಯಿಂದ ಒಮ್ಮೆ ಸಾರ್ವಜನಿಕ ಕೀಲಿಯನ್ನು ತೆಗೆದು ಹೋಲಿಸಿದರೆ ಗೊತ್ತಾಗುತ್ತದೆ.

ಆಮೇಲೆ ಹೆಸರುಗಳು. ಸರ್ಟಿಫಿಕೇಟ್‌ನ ಎಸ್‌ಎಎನ್ (ಅದು ಯಾವ ಹೆಸರುಗಳಿಗೆ ಎಂಬ) ಪಟ್ಟಿಯಲ್ಲಿ ನಿಮ್ಮ ಹೋಸ್ಟ್ ಇರಲೇಬೇಕು. ಕಾಮನ್ ನೇಮ್‌ನಲ್ಲಿ ಇದ್ದರೆ ಸಾಲದು, ಕ್ರೋಮ್ 2017ರಲ್ಲಿ ಬಂದ 58ನೇ ಆವೃತ್ತಿಯಿಂದ ಅದನ್ನು ನೋಡುವುದನ್ನೇ ಬಿಟ್ಟಿದೆ. ವೈಲ್ಡ್‌ಕಾರ್ಡ್ ಒಂದೇ ಮೆಟ್ಟಿಲು ಇಳಿಯುತ್ತದೆ: ನಕ್ಷತ್ರ ಚುಕ್ಕೆ ಉದಾಹರಣೆ ಚುಕ್ಕೆ ಇನ್ ಎಂಬುದು 'ಅಂಗಡಿ.ಉದಾಹರಣೆ.ಇನ್'ಗೆ ಆಗುತ್ತದೆ, 'ಪರೀಕ್ಷೆ.ಅಂಗಡಿ.ಉದಾಹರಣೆ.ಇನ್'ಗೆ ಆಗುವುದಿಲ್ಲ.

ಇನ್ನೊಂದು ಕಪಟ ದೋಷವಿದೆ. ಬ್ರೌಸರ್‌ನಲ್ಲಿ ತಾಣ ಚೆನ್ನಾಗಿ ತೆರೆಯುತ್ತದೆ, ಕರ್ಲ್ ಅಥವಾ ಜಾವಾ ಆ್ಯಪ್ ಅಥವಾ ಪಾವತಿ ಸೇವೆಯ ಕಾಲ್‌ಬ್ಯಾಕ್ ಮಾತ್ರ ಸೋಲುತ್ತದೆ. ಇದು ನಿಮ್ಮ ಸರ್ಟಿಫಿಕೇಟನ್ನು ನಂಬಿಕೆಯ ಮೂಲವಾದ ರೂಟ್‌ಗೆ ಜೋಡಿಸುವ, ನಡುವಿನ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ ಬಿಟ್ಟುಹೋದ ಲಕ್ಷಣ. ಬ್ರೌಸರ್‌ಗಳು ಕೊರತೆಯನ್ನು ತಾವೇ ತುಂಬಿಕೊಳ್ಳುತ್ತವೆ, ಉಳಿದ ಬಹುತೇಕ ಕ್ಲೈಂಟ್‌ಗಳು ತುಂಬಿಕೊಳ್ಳುವುದಿಲ್ಲ. ಹಣ ಕೊಟ್ಟು ಕೊಂಡ ಸರ್ಟಿಫಿಕೇಟನ್ನು ಕೈಯಾರೆ ಸೀಕ್ರೆಟ್‌ಗೆ ಹಾಕುವಾಗ ಮೊದಲು ನಿಮ್ಮ ತಾಣದ ಸರ್ಟಿಫಿಕೇಟ್, ಅದರ ಕೆಳಗೆ ಇಂಟರ್‌ಮೀಡಿಯೆಟ್ ಎಂಬ ಕ್ರಮದಲ್ಲಿ ಒಂದೇ ಕಡತ ಮಾಡಬೇಕು. ರೂಟ್ ಸೇರಿಸುವ ಅಗತ್ಯವಿಲ್ಲ.

ಹಂತ 6: ಸರ್ಟ್ ಮ್ಯಾನೇಜರ್‌ನ ಸರಪಳಿ ಹಿಡಿದು ಇಳಿಯುವುದು

ಸೀಕ್ರೆಟ್ಟೇ ಹುಟ್ಟಿಲ್ಲ ಎಂದಾದರೆ ಕೆಲಸ ಇಲ್ಲಿದೆ. ಸರ್ಟ್ ಮ್ಯಾನೇಜರ್ ಒಂದರ ಕೆಳಗೊಂದು ವಸ್ತುಗಳನ್ನು ಸೃಷ್ಟಿಸುತ್ತದೆ: ಸರ್ಟಿಫಿಕೇಟ್, ಅದರ ಕೆಳಗೆ ಸರ್ಟಿಫಿಕೇಟ್ ರಿಕ್ವೆಸ್ಟ್, ಅದರ ಕೆಳಗೆ ಆರ್ಡರ್, ಎಲ್ಲಕ್ಕೂ ಕೆಳಗೆ ಚಾಲೆಂಜ್ (ಡೊಮೇನ್ ನಿಮ್ಮದೇ ಎಂದು ಸಾಬೀತುಪಡಿಸುವ ಪರೀಕ್ಷೆ). ಮೇಲಿನದು 'ರೆಡಿ ಅಲ್ಲ' ಎಂದಷ್ಟೇ ಹೇಳುತ್ತದೆ. ನಿಜವಾದ ಕಾರಣ ಕೆಳಗಿನದರಲ್ಲಿರುತ್ತದೆ. ಪ್ರತಿಯೊಂದಕ್ಕೂ 'ಡಿಸ್ಕ್ರೈಬ್' ಆದೇಶ ಕೊಡುತ್ತ ಇಳಿಯಿರಿ. 'ಸಿಎಂಸಿಟಿಎಲ್' ಪರಿಕರ ಇದ್ದರೆ ಅದರ 'ಸ್ಟೇಟಸ್ ಸರ್ಟಿಫಿಕೇಟ್' ಆದೇಶ ಈ ಸರಪಳಿಯನ್ನು ಒಂದೇ ಪುಟದಲ್ಲಿ ತೋರಿಸುತ್ತದೆ.

ಸರ್ಟಿಫಿಕೇಟ್ ವಸ್ತುವೇ ಇಲ್ಲ ಎಂದರೆ ಇಂಗ್ರೆಸ್‌ನ ಅನೋಟೇಷನ್ ತಪ್ಪಿದೆ. ರಿಕ್ವೆಸ್ಟ್‌ನಲ್ಲಿ ಇಶ್ಯೂಯರ್ (ಸರ್ಟಿಫಿಕೇಟ್ ಎಲ್ಲಿಂದ ತರಬೇಕೆಂಬ ಸಂರಚನೆ) ಸಿಗಲಿಲ್ಲ ಎಂದಿದ್ದರೆ, ಇಡೀ ಕ್ಲಸ್ಟರ್‌ಗೆ ಅನ್ವಯಿಸುವ ಕ್ಲಸ್ಟರ್ ಇಶ್ಯೂಯರ್ ಮಾಡಿಟ್ಟು ಅನೋಟೇಷನ್‌ನಲ್ಲಿ ಬರೀ 'ಇಶ್ಯೂಯರ್' ಎಂದು ಬರೆದಿದ್ದೀರಾ ನೋಡಿ. ಎರಡಕ್ಕೂ ಬೇರೆ ಬೇರೆ ಅನೋಟೇಷನ್‌ಗಳಿವೆ.

ಚಾಲೆಂಜ್‌ವರೆಗೆ ಬಂದು ನಿಂತಿದ್ದರೆ ಅದರ ಸ್ಥಿತಿಯ ಭಾಗದಲ್ಲಿರುವ ಕಾರಣದ ಸಾಲನ್ನು ಪೂರ್ತಿ ಓದಿ. ಅತಿ ಹೆಚ್ಚು ಕಾಣುವ ಸಾಲಿನ ಅರ್ಥ ಹೀಗಿದೆ: ಎಚ್‌ಟಿಟಿಪಿ 01 (ತಾಣದಲ್ಲಿ ಟೋಕನ್ ಇಟ್ಟು ತೋರಿಸುವ) ಚಾಲೆಂಜ್ ಹರಡುವುದನ್ನು ಕಾಯಲಾಗುತ್ತಿದೆ, ಸಿಕ್ಕ ಸ್ಟೇಟಸ್ ಕೋಡ್ 404, ಬೇಕಾದದ್ದು 200. ಈ ಮಾತು ಲೆಟ್ಸ್ ಎನ್‌ಕ್ರಿಪ್ಟ್‌ನದಲ್ಲ. ಅವರನ್ನು ಕರೆಯುವ ಮೊದಲು ಸರ್ಟ್ ಮ್ಯಾನೇಜರ್ ತಾನೇ ಒಮ್ಮೆ ತಾಣಕ್ಕೆ ಹೋಗಿ, 'ವೆಲ್ ನೋನ್' ಪಾತ್‌ನ ಕೆಳಗೆ ಟೋಕನ್ ಸಿಗುತ್ತದೆಯೇ ಎಂದು ನೋಡಿ ಬರುತ್ತದೆ. ಆ ಸ್ವಯಂ ತಪಾಸಣೆಯೇ ಸೋತಿದೆ. ಅಂದರೆ ಸರ್ಟಿಫಿಕೇಟ್‌ಗಳ ಮಿತಿಗೂ ಸೋತ ಪರೀಕ್ಷೆಗಳ ಮಿತಿಗೂ ಇನ್ನೂ ಏನೂ ಸೇರಿಲ್ಲ, ನಿಧಾನವಾಗಿ ಹುಡುಕಬಹುದು.

404 ಎಂದರೆ ಟೋಕನ್ ತೋರಿಸಲು ತಾತ್ಕಾಲಿಕವಾಗಿ ಹುಟ್ಟಿದ ಸಾಲ್ವರ್ ಇಂಗ್ರೆಸ್ ಅನ್ನು ಯಾವ ಕಂಟ್ರೋಲರ್ ಕೂಡ ಎತ್ತಿಕೊಂಡಿಲ್ಲ, ಅಥವಾ ಡಿಎನ್‌ಎಸ್ ಇನ್ನೊಂದು ಸರ್ವರ್ ಕಡೆ ತೋರುತ್ತಿದೆ. ಇಶ್ಯೂಯರ್‌ನ ಸಾಲ್ವರ್ ಭಾಗದಲ್ಲಿ ಬರೆದಿರುವ ಕ್ಲಾಸ್ ಮತ್ತು ನಿಮ್ಮ ಕಂಟ್ರೋಲರ್‌ನ ಕ್ಲಾಸ್ ಒಂದೇ ಇರಬೇಕು. 401 ಅಥವಾ 403 ಬಂದರೆ ತಾಣಕ್ಕೆ ಪಾಸ್‌ವರ್ಡ್ ಇದೆ, ಇಲ್ಲವೇ ಐಪಿ ನಿರ್ಬಂಧವಿದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಐಪಿಗಳಿಗೆ ಮಾತ್ರ ಅನುಮತಿ ಕೊಡೋಣ ಎಂದರೆ ಆಗದು. ಅವರು ಆ ಪಟ್ಟಿಯನ್ನು ಪ್ರಕಟಿಸುವುದಿಲ್ಲ, 2020ರಿಂದ ಜಗತ್ತಿನ ಹಲವು ಕಡೆಗಳಿಂದ ಏಕಕಾಲದಲ್ಲಿ ಪರೀಕ್ಷಿಸುತ್ತಾರೆ. ಅಂತಹ ತಾಣಕ್ಕೆ, ಪುರಾವೆಯನ್ನು ಡಿಎನ್‌ಎಸ್ ದಾಖಲೆಯಲ್ಲಿ ಇಡುವ ಡಿಎನ್‌ಎಸ್ 01 ಕ್ರಮವೇ ಸರಿ.

80ನೇ ಪೋರ್ಟ್ ಮುಚ್ಚಿಟ್ಟು ಭದ್ರತೆ ಎನ್ನುವವರೂ ಇದ್ದಾರೆ. ಎಚ್‌ಟಿಟಿಪಿ 01 ಪರೀಕ್ಷೆ ಶುರುವಾಗುವುದೇ ಆ ಪೋರ್ಟ್‌ನಲ್ಲಿ. ಅಲ್ಲಿಂದ 443ಕ್ಕೆ ರಿಡೈರೆಕ್ಟ್ ಮಾಡಿದರೆ ತೊಂದರೆಯಿಲ್ಲ, ಅವರು ಹಿಂಬಾಲಿಸುತ್ತಾರೆ, ಆ ತುದಿಯ ಸರ್ಟಿಫಿಕೇಟ್ ಹಳತಾಗಿದ್ದರೂ ಆಕ್ಷೇಪಿಸುವುದಿಲ್ಲ. ಹಾಗಾಗಿ ಎಚ್‌ಟಿಟಿಪಿಎಸ್ ರಿಡೈರೆಕ್ಟ್ ಅನ್ನು ತೆಗೆಯಬೇಕಿಲ್ಲ, ಪೋರ್ಟ್ ತೆರೆದಿದ್ದರೆ ಸಾಕು.

ಹೊರಗಿನಿಂದ ನೀವು ಕರ್ಲ್ ಮಾಡಿದರೆ ಟೋಕನ್ ಚೆನ್ನಾಗಿ ಸಿಗುತ್ತದೆ, ಸರ್ಟ್ ಮ್ಯಾನೇಜರ್‌ನ ತಪಾಸಣೆ ಮಾತ್ರ ಸೋಲುತ್ತದೆ ಎಂಬ ವಿಚಿತ್ರವೂ ಉಂಟು. ಕ್ಲಸ್ಟರ್‌ನ ಒಳಗಿನಿಂದ ತನ್ನದೇ ಹೊರ ಐಪಿಗೆ ಹೋಗಿ ಮರಳುವ ದಾರಿ ಕೆಲವು ನೆಟ್‌ವರ್ಕ್‌ಗಳಲ್ಲಿ ಇರುವುದಿಲ್ಲ. ಲೋಡ್ ಬ್ಯಾಲೆನ್ಸರ್, ಬಳಕೆದಾರರ ಐಪಿಯನ್ನು ಬೇಡಿಕೆಯ ಮುಂದೆ ಬರೆದು ಕಳಿಸುವ ಪ್ರಾಕ್ಸಿ ಪ್ರೋಟೋಕಾಲ್ ಬಳಸುತ್ತಿದ್ದರೆ ಇನ್ನೂ ಕಷ್ಟ. ಒಳಗಿನ ಬೇಡಿಕೆ ಬ್ಯಾಲೆನ್ಸರ್‌ವರೆಗೆ ಹೋಗದೆ ನೇರವಾಗಿ ಕಂಟ್ರೋಲರ್‌ಗೆ ಬಂದುಬಿಡುತ್ತದೆ, ಕಂಟ್ರೋಲರ್ ನಿರೀಕ್ಷಿಸುವ ಪ್ರಾಕ್ಸಿ ಹೆಡರ್ ಅದರಲ್ಲಿರುವುದಿಲ್ಲ. ತಾತ್ಕಾಲಿಕ ಪಾಡ್ ಒಂದನ್ನು ಎಬ್ಬಿಸಿ ಒಳಗಿನಿಂದಲೇ ಕರ್ಲ್ ಮಾಡಿದರೆ ಇದು ಗೊತ್ತಾಗುತ್ತದೆ. ಬ್ಯಾಲೆನ್ಸರ್‌ಗೆ ಐಪಿಯ ಬದಲು ಹೋಸ್ಟ್‌ನೇಮ್ ಬರುವಂತೆ ಕ್ಲೌಡ್ ಸೇವೆಯ ಅನೋಟೇಷನ್ ಇದ್ದರೆ ಅದನ್ನು ಬಳಸಿ, ಇಲ್ಲವೇ ಡಿಎನ್‌ಎಸ್ 01ಕ್ಕೆ ಬದಲಾಯಿಸಿ.

ಡಿಎನ್‌ಎಸ್ 01ರಲ್ಲಿ ನೋಡಬೇಕಾದದ್ದು ಕಡಿಮೆ: ಡಿಎನ್‌ಎಸ್ ಸೇವೆಯ ಪ್ರವೇಶ ಟೋಕನ್‌ಗೆ ಆ ವಲಯದಲ್ಲಿ ಬರೆಯುವ ಹಕ್ಕಿದೆಯೇ, ಪುರಾವೆ ಹೊತ್ತ ಟಿಎಕ್ಸ್‌ಟಿ ದಾಖಲೆ ನಿಜವಾಗಿ ಹುಟ್ಟಿದೆಯೇ, ಕಚೇರಿಯ ಒಳ ಡಿಎನ್‌ಎಸ್ ಹೊರಗಿನದಕ್ಕಿಂತ ಬೇರೆ ಉತ್ತರ ಕೊಡುತ್ತಿದೆಯೇ. ವೈಲ್ಡ್‌ಕಾರ್ಡ್ ಬೇಕೆಂದರೆ ಈ ಕ್ರಮ ಕಡ್ಡಾಯ. ಯಾವ ಕ್ರಮವಾದರೂ ಡೊಮೇನ್‌ಗೆ ಸಿಎಎ ದಾಖಲೆ (ಯಾರು ಸರ್ಟಿಫಿಕೇಟ್ ಕೊಡಬಹುದೆಂಬ ಪಟ್ಟಿ) ಇದ್ದು ಅದರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಹೆಸರಿಲ್ಲದಿದ್ದರೆ ಸರ್ಟಿಫಿಕೇಟ್ ಸಿಗುವುದಿಲ್ಲ.

ಪ್ರಯೋಗಗಳನ್ನೆಲ್ಲ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪರೀಕ್ಷೆಗೆಂದೇ ಇಟ್ಟ) ವಿಳಾಸದಲ್ಲಿ ಮಾಡಿ. ಅಲ್ಲಿ ಸಿಗುವುದನ್ನು ಬ್ರೌಸರ್ ನಂಬುವುದಿಲ್ಲ, ಆದರೆ ಸರಪಳಿ ಕೊನೆಯವರೆಗೆ ನಡೆಯಿತೇ ಎಂದು ತಿಳಿಯಲು ಅಷ್ಟು ಸಾಕು. ಇನ್ನೊಂದು ಮಾತು: ದೋಷ ಸರಿಪಡಿಸಿದ ಮೇಲೂ ಏನೂ ಕದಲದಿದ್ದರೆ ಮತ್ತೆ ಅಳಿಸಲು ಹೋಗಬೇಡಿ. ಒಮ್ಮೆ ಸೋತ ಮೇಲೆ ಸರ್ಟ್ ಮ್ಯಾನೇಜರ್ 1 ಗಂಟೆ ಕಾಯುತ್ತದೆ, ಮತ್ತೆ ಸೋತರೆ ಎರಡರಷ್ಟು, ಹೀಗೆ 32 ಗಂಟೆಗಳವರೆಗೂ ಏರುತ್ತದೆ. 'ಸಿಎಂಸಿಟಿಎಲ್ ರಿನ್ಯೂ' ಕೊಟ್ಟರೆ ಕಾಯದೆ ಆಗಲೇ ಪ್ರಯತ್ನಿಸುತ್ತದೆ.

ಕನ್ನಡದ ಡೊಮೇನ್ ಹೆಸರಿದ್ದರೆ

ಕನ್ನಡ ಲಿಪಿಯ '.ಭಾರತ' ಡೊಮೇನ್ ಬಳಸುವವರಿಗೆ ಈ ಭಾಗ. ಇಂಗ್ರೆಸ್‌ನ ಹೋಸ್ಟ್ ಜಾಗದಲ್ಲಿ ಕನ್ನಡ ಅಕ್ಷರಗಳನ್ನು ನೇರವಾಗಿ ಬರೆದರೆ ಕುಬರ್ನೆಟಿಸ್ ಒಪ್ಪುವುದಿಲ್ಲ. 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ಪ್ಯೂನಿಕೋಡ್ ರೂಪವನ್ನೇ (ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದ್ದು) ಹೋಸ್ಟ್‌ನಲ್ಲೂ ಟಿಎಲ್‌ಎಸ್ ಭಾಗದಲ್ಲೂ ಬರೆಯಬೇಕು. ಲೆಟ್ಸ್ ಎನ್‌ಕ್ರಿಪ್ಟ್ 2016ರಿಂದ ಇಂತಹ ಹೆಸರುಗಳಿಗೂ ಸರ್ಟಿಫಿಕೇಟ್ ಕೊಡುತ್ತಿದೆ.

ಎಚ್ಚರ ಬೇಕಾದದ್ದು ಕಣ್ಣಿಗೆ ಕಾಣದ ಒಂದು ಅಕ್ಷರದ ಬಗ್ಗೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ಕೀಲಿಮಣೆ ನಡುವೆ ಒಂದು ಶೂನ್ಯ ಅಗಲದ ಅಕ್ಷರವನ್ನು ಇಡುತ್ತದೆ. ಇಂತಹ ಡೊಮೇನ್ ಹೆಸರುಗಳಿಗೆಂದು ಮಾಡಿದ ಹಳೆಯ 2003ರ ನಿಯಮ ಅನುಸರಿಸುವ ಪರಿಕರಗಳು ಅದನ್ನು ತೆಗೆದುಹಾಕುತ್ತವೆ, 2008ರ ನಿಯಮದವು ಉಳಿಸಿಕೊಳ್ಳುತ್ತವೆ. ಎರಡರ ಪ್ಯೂನಿಕೋಡ್ ಬೇರೆ ಬೇರೆ, ಅಂದರೆ ಡಿಎನ್‌ಎಸ್‌ಗೆ ಅವು ಬೇರೆ ಬೇರೆ ಹೆಸರುಗಳು. ಆದ್ದರಿಂದ ಆನ್‌ಲೈನ್ ಪರಿವರ್ತಕ ಕೊಟ್ಟದ್ದನ್ನು ನಂಬದೆ, ನೋಂದಣಿದಾರರ ಪುಟದಲ್ಲಿ ನಿಮ್ಮ ಡೊಮೇನ್‌ಗೆ ದಾಖಲಾಗಿರುವ ಪ್ಯೂನಿಕೋಡ್ ರೂಪವನ್ನೇ ನಕಲು ಮಾಡಿ ಹಾಕಿ.

ಹಂತ 7: ಹೊಸದು ಬಂದಿದೆ, ಹಳೆಯದೇ ಕಾಣುತ್ತಿದೆ

ಸೀಕ್ರೆಟ್‌ನಲ್ಲಿ ಹೊಸ ದಿನಾಂಕ, ಬಾಗಿಲಲ್ಲಿ ಹಳೆಯ ದಿನಾಂಕ. ಅದೇ ಹೋಸ್ಟ್ ಹೆಸರಿನ ಇನ್ನೊಂದು ಇಂಗ್ರೆಸ್ ಬೇರೆ ನೇಮ್‌ಸ್ಪೇಸ್‌ನಲ್ಲಿ ಇದೆಯೇ ಎಂದು ಎಲ್ಲ ನೇಮ್‌ಸ್ಪೇಸ್‌ಗಳಲ್ಲೂ ಹುಡುಕಿ. ಎದುರಿಗೆ ಸಿಡಿಎನ್ ಇದ್ದರೆ ಕಾಣುವುದು ಅವರ ಸರ್ಟಿಫಿಕೇಟ್, ನಿಮ್ಮದಲ್ಲ. ಆ್ಯಪ್ ತಾನೇ ಸೀಕ್ರೆಟ್ಟನ್ನು ಕಡತವಾಗಿ ಓದುತ್ತಿದ್ದರೆ 'ಸಬ್‌ಪಾತ್' ಬಳಸಿ ಮೌಂಟ್ ಮಾಡಿದ ಕಡತಕ್ಕೆ ಹೊಸ ಮಾಹಿತಿ ತಲುಪುವುದೇ ಇಲ್ಲ. ಪೂರ್ತಿ ಫೋಲ್ಡರ್ ಆಗಿ ಮೌಂಟ್ ಮಾಡಿ, ಆ್ಯಪ್‌ಗೂ ಮತ್ತೆ ಓದಲು ಕಲಿಸಿ.

ಕ್ಲಸ್ಟರ್‌ನ ಸ್ವಂತ ಸರ್ಟಿಫಿಕೇಟ್‌ಗಳು

ತಾಣಗಳು ಓಡುತ್ತಿವೆ, ಆದರೆ 'ಕ್ಯೂಬ್‌ಸಿಟಿಎಲ್' ಕೊಟ್ಟರೆ ಸರ್ಟಿಫಿಕೇಟ್ ಅವಧಿ ಮುಗಿದಿದೆ ಎನ್ನುತ್ತದೆ. ಇದು ಇಂಗ್ರೆಸ್‌ನ ವಿಚಾರವಲ್ಲ. ಕ್ಯೂಬ್‌ಎಡಿಎಂ ಪರಿಕರದಿಂದ ಕಟ್ಟಿದ ಕ್ಲಸ್ಟರ್‌ನಲ್ಲಿ ಕಂಟ್ರೋಲ್ ಪ್ಲೇನ್‌ನ ಸರ್ಟಿಫಿಕೇಟ್‌ಗಳಿಗೆ 1 ವರ್ಷ, ಅವಕ್ಕೆ ಮೂಲವಾದ ಸಿಎಗೆ (ಸಹಿ ಹಾಕುವ ಸರ್ಟಿಫಿಕೇಟ್) 10 ವರ್ಷ ಆಯುಸ್ಸು. ಆವೃತ್ತಿ ಮೇಲೇರಿಸಿದಾಗಲೆಲ್ಲ ಅವು ತಾವಾಗಿ ನವೀಕರಣಗೊಳ್ಳುತ್ತವೆ. ವರ್ಷವಿಡೀ ಮೇಲೇರಿಸದ ಕ್ಲಸ್ಟರ್ ಮಾತ್ರ ಒಂದು ಬೆಳಗ್ಗೆ ಬಾಗಿಲು ಹಾಕಿಕೊಳ್ಳುತ್ತದೆ. 'ಕ್ಯೂಬ್‌ಎಡಿಎಂ ಸರ್ಟ್ಸ್ ಚೆಕ್ ಎಕ್ಸ್‌ಪಿರೇಷನ್' ದಿನಾಂಕಗಳನ್ನು ತೋರಿಸುತ್ತದೆ, 'ರಿನ್ಯೂ ಆಲ್' ನವೀಕರಿಸುತ್ತದೆ. ಆಮೇಲೆ ಪ್ರತಿ ಕಂಟ್ರೋಲ್ ಪ್ಲೇನ್ ನೋಡ್‌ನಲ್ಲೂ ಎಪಿಐ ಸರ್ವರ್, ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್, ಇಟಿಸಿಡಿ ನಾಲ್ಕನ್ನೂ ಮರುಪ್ರಾರಂಭಿಸಬೇಕು. ಹೊಸ ಅಡ್ಮಿನ್ ಸಂರಚನೆಯ ಕಡತವನ್ನು ನಿಮ್ಮ ಹೋಮ್ ಫೋಲ್ಡರ್‌ಗೆ ನಕಲು ಮಾಡುವುದೂ ಬೇಕು, ಅದರೊಳಗೂ ಒಂದು ಸರ್ಟಿಫಿಕೇಟ್ ಇದೆ.

ಎಚ್ಚರಿಕೆಯ ಗಂಟೆ ಕಟ್ಟುವುದು

ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್‌ಗಳು 2025ರ ಜೂನ್‌ನಿಂದ ನಿಂತಿವೆ. ಅದನ್ನೇ ನಂಬಿಕೊಂಡಿದ್ದ ತಂಡಗಳು ಈಗ ತಾವೇ ಕಾವಲು ಇಟ್ಟುಕೊಳ್ಳಬೇಕು. ಅಳತೆಗಳನ್ನು ಕೂಡಿಡುವ ಪ್ರೊಮಿಥಿಯಸ್ ಇದ್ದರೆ ಸರ್ಟ್ ಮ್ಯಾನೇಜರ್ ಪ್ರತಿ ಸರ್ಟಿಫಿಕೇಟ್‌ನ ಕೊನೆಯ ದಿನವನ್ನು ಅಳತೆಯಾಗಿ ಕೊಡುತ್ತದೆ. ಆದರೆ ಅದು ಸೀಕ್ರೆಟ್‌ನಲ್ಲಿರುವುದರ ದಿನಾಂಕ. ಬಾಗಿಲಲ್ಲಿ ನಿಜಕ್ಕೂ ಏನು ಕಾಣುತ್ತಿದೆ ಎಂದು ತಿಳಿಯಲು ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್‌ನಂತಹದ್ದು ಕ್ಲಸ್ಟರ್‌ನ ಹೊರಗಿನಿಂದ ತಾಣವನ್ನು ಮುಟ್ಟಿ ನೋಡಬೇಕು. ಎರಡನ್ನೂ ಇಡಿ, ಎರಡರ ನಡುವೆ ವ್ಯತ್ಯಾಸ ಬಂದರೆ ಅದೇ 7ನೇ ಹಂತದ ದೋಷ.

ಎಚ್ಚರಿಕೆಯ ಗಡುವನ್ನು ದಿನಗಳಲ್ಲಿ ಗಟ್ಟಿ ಮಾಡಿಡಬೇಡಿ. ಸರ್ಟ್ ಮ್ಯಾನೇಜರ್ ಆಯುಸ್ಸಿನ ಮೂರರಲ್ಲಿ ಎರಡು ಭಾಗ ಕಳೆದಾಗ ನವೀಕರಿಸುತ್ತದೆ. 90 ದಿನದ ಸರ್ಟಿಫಿಕೇಟ್‌ಗೆ 30 ದಿನ ಉಳಿದಾಗ ನವೀಕರಣ, ಹಾಗಾಗಿ 21 ದಿನ ಉಳಿದಾಗ ಗಂಟೆ ಬಾರಿಸಿದರೆ ನಿಜವಾದ ದೋಷವೇ ಸಿಗುತ್ತದೆ. ಆದರೆ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಆಯುಸ್ಸು 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100, 2029ರಲ್ಲಿ 47 ಎಂದು ಸರ್ಟಿಫಿಕೇಟ್ ಕೊಡುವವರ ಮತ್ತು ಬ್ರೌಸರ್ ಕಂಪನಿಗಳ ಒಕ್ಕೂಟವಾದ ಸಿಎ ಬ್ರೌಸರ್ ಫೋರಮ್ ನಿಗದಿ ಮಾಡಿದೆ. 47 ದಿನದ್ದು ನವೀಕರಣವಾಗುವುದೇ ಸುಮಾರು 16 ದಿನ ಉಳಿದಾಗ. 21ರ ಗಂಟೆ ಆಗ ಪ್ರತಿ ಸಲವೂ ಸುಳ್ಳು ಬಾರಿಸುತ್ತದೆ, ತಂಡದವರು ಅದನ್ನು ಆಫ್ ಮಾಡಿಬಿಡುತ್ತಾರೆ. ಆಯುಸ್ಸಿನ ನಾಲ್ಕನೇ ಒಂದು ಭಾಗ ಉಳಿದಾಗ ಬಾರಿಸು ಎಂದು ಬರೆದಿಟ್ಟರೆ 90ಕ್ಕೂ 47ಕ್ಕೂ ಅದೇ ನಿಯಮ ನಡೆಯುತ್ತದೆ.